ಮಕೋಮಿನ ಚೌಕ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ, ಹಾಸ್ಟೆಲ್ ಸಾಂಬಾರಿನ ಕಥೆ ಈ ಸಲ ಬೇಡ ಅನ್ನಿಸಿತು. ಇಲ್ಲಿ ಬಿಇ ಮುಗಿಸಿ ನಾನು ಎಂಎಸ್ ಓದಲು ಹೋದ ಊರಿನ ಬಗ್ಗೆ ಬರೆಯುತ್ತೇನೆ. ಅಮೆರಿಕ ಅಂದರೆ ನ್ಯೂಯಾರ್ಕ್ ಅಂದುಕೊಂಡು ವಿಮಾನ ಹತ್ತುವವರು ಓದಲಿ.

ಇಲಿನಾಯ್ ರಾಜ್ಯದ ಪಶ್ಚಿಮಕ್ಕೆ ಮೆಕ್‌ಡೊನಾ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಆದರೆ ಜನ ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಅದರ ಮುಖ್ಯ ಊರು ಮಕೋಮ್. ಸ್ಪೆಲಿಂಗಿನ ಕೊನೆಗೆ ಬಿ ಇದೆ, ಬಾಯಲ್ಲಿ ಬರಲ್ಲ. ನಾನು ಒಂದು ತಿಂಗಳು ‘ಮಕೋಂಬ್’ ಅಂತಲೇ ಹೇಳಿ ನಗೆಪಾಟಲಾದೆ. ಶಿಕಾಗೋದಿಂದ ರೈಲಿನಲ್ಲಿ ಸುಮಾರು ಮೂರೂವರೆ ಗಂಟೆ. ಕಿಟಕಿಯಾಚೆ ಮೆಕ್ಕೆಜೋಳ, ಆಮೇಲೆ ಸೋಯಾ, ಮತ್ತೆ ಮೆಕ್ಕೆಜೋಳ. ನಮ್ಮ ವೆಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯ ಮೇಷ್ಟ್ರುಗಳನ್ನು ತಯಾರು ಮಾಡಲೆಂದು 1899ರಲ್ಲಿ ಹುಟ್ಟಿಕೊಂಡದ್ದು.

ಊರ ಮಧ್ಯೆ ಒಂದು ಚೌಕ. ಚೌಕದ ನಡುವೆ 1872ರಲ್ಲಿ ಕಟ್ಟಿ ಮುಗಿಸಿದ ಕೆಂಪು ಇಟ್ಟಿಗೆಯ ಕೋರ್ಟು. ನಮ್ಮ ಕಡೆ ದೇವಸ್ಥಾನದ ಸುತ್ತ ರಥಬೀದಿ ಇರುತ್ತಲ್ಲ, ಹಾಗೆ ಕೋರ್ಟಿನ ಸುತ್ತ ಅಂಗಡಿಗಳು. ಭಾನುವಾರ ಅಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ನಾನು ಸುಮ್ನೆ ಬೆಂಚಿನ ಮೇಲೆ ಕೂತು ಊರಿಗೆ ಫೋನ್ ಮಾಡುತ್ತಿದ್ದೆ.

ಚೌಕದ ಕಾಫಿ ಅಂಗಡಿಯಲ್ಲಿ ಒಬ್ಬ ಮುದುಕರ ಪರಿಚಯವಾಯಿತು. ಮೊದಲು ರೈತರಾಗಿದ್ದವರು. ಲಿಂಕನ್ 1858ರಲ್ಲಿ ಇಲ್ಲಿ ಬಂದು ಫೋಟೊ ತೆಗೆಸಿಕೊಂಡ ಕಥೆಯನ್ನು ಊರಲ್ಲಿ ಎಲ್ಲರೂ ಹೇಳುತ್ತಾರೆ. ಇವರು ಮಾತ್ರ ನೆಲದ ಕಥೆ ಹೇಳಿದರು. ಸಾಕ್, ಮೆಸ್ಕ್ವಾಕಿ, ಕಿಕಾಪೂ ಎಂಬ ಮೂಲನಿವಾಸಿ ಜನ ಬದುಕಿದ್ದ ಸೀಮೆಯನ್ನು ಸರ್ಕಾರ ಒಪ್ಪಂದಗಳ ಹೆಸರಲ್ಲಿ ತೆಗೆದುಕೊಂಡು, 1812ರ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಸೈನಿಕರಿಗೆ ತಲಾ 160 ಎಕರೆಯಂತೆ ಹಂಚಿತು. ಟಿಶ್ಯೂ ಪೇಪರಿನ ಮೇಲೆ ಪೆನ್ನಿನಿಂದ ಚೌಕ, ಅದರೊಳಗೆ ನಾಲ್ಕು ಚೌಕ ಬರೆದು ತೋರಿಸಿದರು. ಒಳಗಿನ ಒಂದೊಂದು ಚೌಕ 160 ಎಕರೆ. ಎಷ್ಟೋ ಸೈನಿಕರು ಈ ಕಡೆ ತಲೆಯನ್ನೂ ಹಾಕಲಿಲ್ಲ. ಸರ್ಕಾರ ಕೊಟ್ಟ ಜಮೀನಿನ ಚೀಟಿಯನ್ನು ಪುಡಿಗಾಸಿಗೆ ದಲ್ಲಾಳಿಗಳಿಗೆ ಮಾರಿಬಿಟ್ಟರು. 1826ರಲ್ಲಿ ಕೌಂಟಿ ಆದಾಗ ಅದಕ್ಕೂ, ಆಮೇಲೆ ಊರಿಗೂ ಅದೇ ಯುದ್ಧದ ಇಬ್ಬರು ಅಧಿಕಾರಿಗಳ ಹೆಸರಿಟ್ಟರು.

“ಇದನ್ನೇ ಆಟ ಮಾಡಿದ ಹುಡುಗಿ ಹುಟ್ಟಿದ್ದೂ ಇಲ್ಲೇ” ಅಂದರು. ಲಿಜ್ಜಿ ಮ್ಯಾಗಿ, 1866. ‘ಇದನ್ನೇ’ ಅನ್ನುವುದು ಅವರ ಊರಿನ ಅಭಿಮಾನ ಇರಬಹುದು. ಆದರೆ ಜಮೀನುದಾರರು ಬಾಡಿಗೆ ತಿಂದು ಹೇಗೆ ಕೊಬ್ಬುತ್ತಾರೆ ಅಂತ ತೋರಿಸಲು ಆಕೆ ಬೋರ್ಡಿನ ಮೇಲೆ ಆಡುವ ಆಟ ಕಟ್ಟಿದ್ದು ನಿಜ. 1904ರಲ್ಲಿ ಪೇಟೆಂಟ್ ಸಿಕ್ಕಿತು. ಎಲ್ಲರೂ ಲಾಭ ಹಂಚಿಕೊಳ್ಳುವ ಇನ್ನೊಂದು ನಿಯಮವನ್ನೂ ಇಟ್ಟಿದ್ದಳು. 1935ರಲ್ಲಿ ಪಾರ್ಕರ್ ಬ್ರದರ್ಸ್ ಎಂಬ ಆಟದ ಕಂಪನಿಯವರು, ಆಟಕ್ಕೆ 1924ರಲ್ಲಿ ಆಕೆ ಪಡೆದ ಹೊಸ ಪೇಟೆಂಟನ್ನು 500 ಡಾಲರಿಗೆ ಕೊಂಡರು. ಜಗತ್ತಿಗೆ ಹೋದದ್ದು ಎದುರಾಳಿಯನ್ನು ದಿವಾಳಿ ಎಬ್ಬಿಸುವ ‘ಮೊನಾಪಲಿ’.

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಪಡಸಾಲೆಯಲ್ಲಿ ಅಕ್ಕನ ಜೊತೆ ಹೊಡೆದಾಡಿಕೊಂಡು ಆಡುತ್ತಿದ್ದ ‘ಬಿಸಿನೆಸ್’ ಆಟದ ಮೂಲ ಇದೇ ಅಲ್ವಾ! ಬ್ಯಾಂಕರ್ ಯಾವಾಗಲೂ ಅಕ್ಕನೇ.

ಮುದುಕರು ಇನ್ನೊಂದು ಹೇಳಿದರು. 1970ರ ದಶಕದಲ್ಲಿ ಒಳ್ಳೆ ಹೆದ್ದಾರಿಯಿಲ್ಲ ಅಂತ ಬೇಸತ್ತು ಈ ಸೀಮೆಯವರು ‘ಫರ್ಗಾಟೋನಿಯಾ’ ಅಂತ ಬೇರೆ ದೇಶವನ್ನೇ ಘೋಷಿಸಿದರಂತೆ. ಮರೆತುಹೋದವರ ನಾಡು ಅಂತ ಅರ್ಥ. ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನೇ ಗವರ್ನರ್, ಬಾವುಟ ಬಿಳಿ. ಅಮೆರಿಕದ ಮೇಲೆ ಯುದ್ಧ ಸಾರುವುದು, ತಕ್ಷಣ ಶರಣಾಗುವುದು, ಆಮೇಲೆ ವಿದೇಶಿ ನೆರವು ಕೇಳುವುದು. ಇದೇ ಪ್ಲಾನು! ಹೇಳುತ್ತಾ ಅವರಿಗೆ ನಗು ತಡೆಯಲಾಗದೆ ಕಾಫಿ ಅಂಗಿಯ ಮೇಲೆ ಚೆಲ್ಲಿತು.

ಆ ಸಂಜೆ ಬೆಂಚಿನಿಂದಲೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಇತಿಹಾಸ ಬೇಕಿರಲಿಲ್ಲ.

“ಲೋ, ಅದೆಲ್ಲ ಇರಲಿ. ಬಾಂಬೆ ಬಾಡಿಗೆ ಇನ್ನೂ ಬಾಕಿ ಇದೆ, ಡಾಲರಲ್ಲಿ ಕಳಿಸು” ಅಂದಳು.