ದಾಸವಾಳದ ಮೇಲೆ ಓಡಿದ ಬಿಳಿ ಹುಳ

ಆ ಭಾನುವಾರ ಬಿಸಿಲು ಏರುವ ಮೊದಲೇ ಗಿಡಗಳ ಕೆಲಸ ಮುಗಿಸಬೇಕು ಅಂತ ಬೇಗ ಎದ್ದಿದ್ದೆ. ವಸಂತ ಮುಗಿಯುತ್ತಾ ಬಂದಿತ್ತು. ಗಿಡಗಳು ಹುರುಪಿನಿಂದ ಬೆಳೆಯುವ ಹೊತ್ತು ಇದು. ಮಲ್ಲಿಗೆ ತುಂಬಾ ಮೊಗ್ಗು ಕಟ್ಟಿತ್ತು. ಗುಲಾಬಿಯ ಮೊದಲ ಸುತ್ತಿನ ಹೂಗಳು ಒಣಗಿ ನಿಂತಿದ್ದವು. ದಾಸವಾಳದ ಒಂದೊಂದು ಕೊಂಬೆಯ ತುದಿಯಲ್ಲೂ ಎಳೆ ಚಿಗುರು.

ಗುಲಾಬಿಯಿಂದ ಶುರು ಮಾಡಿದೆ. ಬಾಡಿದ ಹೂವನ್ನು ಹಾಗೇ ಬಿಟ್ಟರೆ ಗಿಡ ತನ್ನ ಶಕ್ತಿಯನ್ನೆಲ್ಲ ಬೀಜ ಕಟ್ಟುವುದಕ್ಕೆ ಹಾಕುತ್ತದೆ. ಅದಕ್ಕೇ ಐದೆಲೆ ಇರುವ ಗೊಂಚಲಿನ ಸ್ವಲ್ಪ ಮೇಲೆ, ಹೊರಗಡೆ ಮುಖ ಮಾಡಿದ ಕಣ್ಣು ನೋಡಿಕೊಂಡು ಓರೆಯಾಗಿ ಕತ್ತರಿಸಿದೆ. ಚೆಂಡುಹೂವಿನ ಎಳೆ ಸಸಿಗಳ ತುದಿ ಚಿವುಟಿದೆ. ತುದಿ ಹೋದರೆ ಪಕ್ಕದ ಕಣ್ಣುಗಳು ಒಡೆದು ಗಿಡ ಪೊದೆಯಾಗುತ್ತದೆ, ಹೂವೂ ಜಾಸ್ತಿ. ಅರ್ಧ ಗಂಟೆಯ ಕೆಲಸ ಅಷ್ಟೆ.

ಆಮೇಲೆ ಕೆಂಪು ದಾಸವಾಳದ ಹತ್ತಿರ ಬಂದೆ. ಮನಸ್ಸು ಕುಗ್ಗಿತು.

ಚಿಗುರಿನ ಬುಡದಲ್ಲಿ, ಮೊಗ್ಗಿನ ತೊಟ್ಟಿನಲ್ಲಿ, ಎಲೆಯ ಅಡಿಯಲ್ಲಿ ಎಲ್ಲಿ ನೋಡಿದರೂ ಬಿಳಿ ಹತ್ತಿ ಅಂಟಿಸಿದ ಹಾಗೆ ಹಿಟ್ಟು ತಿಗಣೆ. ದಾಸವಾಳ ಬೆಳೆಸಿದವರಿಗೆಲ್ಲ ಇದರ ಪರಿಚಯ ಇರುತ್ತದೆ. ಕೂತ ಜಾಗದಲ್ಲೇ ಕೂತು ರಸ ಹೀರುತ್ತದೆ. ಚಿಗುರು ಮುರುಟುತ್ತದೆ, ಮೊಗ್ಗು ಅರಳದೆ ಉದುರುತ್ತದೆ. ಅದು ಹೊರಹಾಕುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಎಲೆಯ ಮೇಲೆ ಕಪ್ಪು ಬೂಷ್ಟು ಹತ್ತುತ್ತದೆ. ಆ ಸಿಹಿಯ ಆಸೆಗೆ ಇರುವೆಗಳು ಈ ತಿಗಣೆಗಳನ್ನು ಕಾಯುತ್ತವೆ, ತಿನ್ನಲು ಬಂದ ಹುಳಗಳನ್ನು ಓಡಿಸುತ್ತವೆ.

ಹತ್ತು ದಿನಗಳ ಹಿಂದೆ ಪಕ್ಕದ ಹಳದಿ ದಾಸವಾಳಕ್ಕೂ ಇದೇ ಆಗಿತ್ತು. ಒಂದು ಲೀಟರ್ ನೀರಿಗೆ ಒಂದು ಚಮಚ ದ್ರವ ಸೋಪು ಬೆರೆಸಿ ಎರಡು ಸಲ ಚೆನ್ನಾಗಿ ಸಿಂಪಡಿಸಿದ್ದೆ. ಮೊದಲಿಗೆ ಎಲ್ಲ ಹೋದ ಹಾಗೆ ಕಂಡಿತ್ತು. ಆದರೆ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಹತ್ತಿಯಂಥ ಚೀಲದೊಳಗೆ ಬೆಚ್ಚಗಿರುವ ಮೊಟ್ಟೆಗಳಿಗೆ ಸೋಪಿನ ನೀರು ಸರಿಯಾಗಿ ತಲುಪುವುದೇ ಇಲ್ಲ. ವಾರದಲ್ಲೇ ಮರಿಗಳು ಮತ್ತೆ ಕಾಣಿಸಿದ್ದವು.

ಆದರೂ ಅದೇ ಬಾಟಲಿ ತುಂಬಿಸಿಕೊಂಡು ಬಂದೆ. ಅಮ್ಮ ಪಕ್ಕದಲ್ಲೇ ಕೂತು ಕುಂಡಗಳಿಗೆ ಒಣಗಿದ ಎಲೆ ಹರಡುತ್ತಿದ್ದಳು. ಬೇಸಿಗೆ ಹತ್ತಿರವಾದಾಗ ಎರಡು ಅಂಗುಲ ದಪ್ಪ ಎಲೆ ಹಾಕಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ.

"ಎಷ್ಟು ದೊಡ್ಡದಾಗಿವೆ ನೋಡಮ್ಮ, ಇವನ್ನೇ ಮೊದಲು ತೆಗೀಬೇಕು" ಅಂದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಕೊಂಬೆ ಬಗ್ಗಿಸಿ ನೋಡಿದಳು. "ಸ್ವಲ್ಪ ತಡಿ. ಇದು ಓಡ್ತಾ ಇದೆ. ತಿಗಣೆ ಹೀಗೆ ಓಡಲ್ಲ, ಅಲ್ವಾ?"

ನಿಜ. ಆ ದೊಡ್ಡ ಬಿಳಿ ಹುಳ ಕೊಂಬೆಯ ಮೇಲೆ ಸರಸರ ನಡೆಯುತ್ತಿತ್ತು. ಮೈಮೇಲಿನ ಬಿಳಿ ಮೇಣದ ಎಳೆಗಳು ತಿಗಣೆಯದಕ್ಕಿಂತ ಉದ್ದ, ಕೆದರಿದ ಹಾಗಿದ್ದವು. ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ ಏನಿರಲಿಲ್ಲ. ಭೂತಗನ್ನಡಿ ತಂದು ಇಬ್ಬರೂ ಬಗ್ಗಿ ಕೂತೆವು. ಹುಳ ಒಂದು ತಿಗಣೆ ಗುಂಪಿನ ಹತ್ತಿರ ಹೋಗಿ, ತಲೆ ಒಳಗೆ ತೂರಿಸಿ ತಿನ್ನತೊಡಗಿತು. ನಾವು ಅಷ್ಟು ಹತ್ತಿರ ಇದ್ದರೂ ನಿಲ್ಲಿಸಲಿಲ್ಲ.

ಅದು ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ. ಮೂಲ ಆಸ್ಟ್ರೇಲಿಯಾ. ಕ್ಯಾಲಿಫೋರ್ನಿಯಾದ ಕಿತ್ತಳೆ ಜಾತಿಯ ತೋಟಗಳನ್ನು ಹಿಟ್ಟು ತಿಗಣೆಯಿಂದ ಉಳಿಸಲು 1891ರಲ್ಲೇ ಇದನ್ನು ಅಲ್ಲಿಗೆ ತಂದು ಬಿಟ್ಟಿದ್ದರು. ತಾಯಿ ಹುಳ ತಿಗಣೆಯ ಮೊಟ್ಟೆ ಚೀಲದ ಹತ್ತಿರವೇ ಮೊಟ್ಟೆ ಇಡುತ್ತದೆ. ಮರಿ ಹುಟ್ಟುವ ಹೊತ್ತಿಗೆ ಆಹಾರ ಪಕ್ಕದಲ್ಲೇ ಇರುತ್ತದೆ. ತಿನ್ನುವ ಹುಳಕ್ಕೂ ತಿನ್ನಿಸಿಕೊಳ್ಳುವ ಹುಳಕ್ಕೂ ಒಂದೇ ಬಿಳಿ ಅಂಗಿ. ಆ ಮೇಣದ ಹೊದಿಕೆಯಿಂದ ಮರಿಗೆ ಕಾವಲು ಇರುವೆಗಳಿಂದಲೂ ಸ್ವಲ್ಪ ರಕ್ಷಣೆ ಸಿಗುತ್ತದೆ.

ನನಗೆ ತಕ್ಷಣ ಹಳದಿ ದಾಸವಾಳ ನೆನಪಾಯಿತು. ಅವತ್ತೂ ದೊಡ್ಡ ದೊಡ್ಡ ಬಿಳಿ ಹುಳಗಳನ್ನು ಹುಡುಕಿ ಹುಡುಕಿ ಸಿಂಪಡಿಸಿದ್ದೆ. ಸೋಪಿನ ನೀರಿಗೆ ಇದು ತಿಗಣೆ, ಇದು ಗುಲಗಂಜಿ ಮರಿ ಅನ್ನುವ ಭೇದ ಇಲ್ಲ. ಅವುಗಳಲ್ಲಿ ಎಷ್ಟು ಮರಿಗಳಿದ್ದವೋ! ತುಂಬಾ ಹೊತ್ತು ಬೇಜಾರಾಯಿತು.

"ಇನ್ನೂ ಇವೆಯಲ್ಲ, ಅವನ್ನ ನೋಡ್ಕೊಳೋಣ" ಅಂದಳು ಅಮ್ಮ.

ಎಣಿಸಿದೆವು. ಕೆಂಪು ದಾಸವಾಳದಲ್ಲಿ ಹನ್ನೊಂದು ಸಿಕ್ಕವು. ಬಾಟಲಿಯ ನೀರನ್ನು ಹೊರಗೆ ಚೆಲ್ಲಿದೆ. ಮೊದಲ ಕೆಲಸ ಇರುವೆಗಳನ್ನು ತಡೆಯುವುದು. ಗೋಡೆಗೆ ತಾಗುತ್ತಿದ್ದ ಎರಡು ಕೊಂಬೆ ಕತ್ತರಿಸಿದೆ, ಅವೇ ಇರುವೆಗಳ ದಾರಿಯಾಗಿದ್ದವು. ಎರಡೂ ಕುಂಡಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟು, ಅದರ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ಇಳಿಸಿದೆವು. ಸೊಳ್ಳೆ ಆಗದ ಹಾಗೆ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿದೆ. ನಾಲ್ಕು ಮರಿಗಳಿದ್ದ ಒಂದು ಸಣ್ಣ ಕಡ್ಡಿಯನ್ನು ಕತ್ತರಿಸಿ ಹಳದಿ ದಾಸವಾಳದ ಕೊಂಬೆಗೆ ದಾರದಿಂದ ಕಟ್ಟಿದೆ.

ಮುಂದಿನ ದಿನಗಳು ಸುಲಭ ಇರಲಿಲ್ಲ. ಗಿಡ ಇನ್ನೂ ಬೆಳ್ಳಗೇ ಇತ್ತು, ಕೆಲವು ಮೊಗ್ಗು ಉದುರಿದವು. ಏನಾದರೂ ಮಾಡಬೇಕು ಅಂತ ಕೈ ತುರಿಸುತ್ತಿತ್ತು. ಬೆಳಗ್ಗೆ ಬುಡಕ್ಕಷ್ಟೇ ನೀರು ಹಾಕಿ, ಎಲೆಗಳನ್ನು ತಿರುವಿ ನೋಡಿ, ಸುಮ್ನೆ ವಾಪಸ್ ಬರುತ್ತಿದ್ದೆ. ಎರಡನೇ ವಾರದ ಕೊನೆಗೆ ಕೆಂಪು ದಾಸವಾಳದ ಚಿಗುರುಗಳಲ್ಲಿ ಖಾಲಿ ಹತ್ತಿಯಷ್ಟೇ ಉಳಿದಿತ್ತು. ಊದಿದರೆ ಹಾರಿಹೋಯಿತು. ಹಳದಿ ಗಿಡ ತಡವಾಯಿತು.

ಸುಮಾರು ನಾಲ್ಕು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅಮ್ಮ ಕೂಗಿದಳು, "ಬಾ ಬೇಗ, ನಿಧಾನಕ್ಕೆ ಬಾ!"

ಹಳದಿ ದಾಸವಾಳದ ಎಲೆಯ ಅಡಿಯಲ್ಲಿ ನಾಲ್ಕು ಮಿಲಿಮೀಟರಿನ ಪುಟ್ಟ ಹುಳ. ರೆಕ್ಕೆ ಕಪ್ಪು, ತಲೆ ಕಿತ್ತಳೆ ಬಣ್ಣ. ಇನ್ನೂ ಉಳಿದಿದ್ದ ಒಂದು ಬಿಳಿ ಗುಂಪಿನ ಕಡೆಗೆ ನಡೆಯುತ್ತಿತ್ತು. ಅಮ್ಮ ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದಿದ್ದಳು, ಅದು ಅಲ್ಲಿಗೆ ತಲುಪುವ ತನಕ ಬಿಡಲಿಲ್ಲ.