ಯಾವ ಪತ್ತೇದಾರಿ ಸರಣಿ ಓದಲಿ ಎಂದು ಕೇಳುವವರಿಗೆ

ನಾನು ಪತ್ತೇದಾರಿ ಕಾದಂಬರಿಗಳ ಹುಚ್ಚಿನವಳೆಂದು ಗೊತ್ತಿರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಹಿಡಿದರೆ ಕೆಳಗಿಡಲಾಗದಂತಹ, ಮಾಮೂಲಿ ನಾಯಕಿಯಿಲ್ಲದ ಸರಣಿ ಯಾವುದು? ವರ್ಷಗಳಿಂದ ನನ್ನ ಉತ್ತರ ಬದಲಾಗಿಲ್ಲ. ಸ್ವೀಡನ್ನಿನ ಪತ್ರಕರ್ತ ಸ್ಟೀಗ್ ಲಾರ್ಸನ್ ಬರೆದ 'ಮಿಲೆನಿಯಂ' ಸರಣಿಯ ಮೊದಲ ಮೂರು ಕಾದಂಬರಿಗಳು. ಓದಬೇಕಾದದ್ದು ಲಿಸ್ಬೆತ್ ಸಲಾಂಡರ್‌ಗಾಗಿ.

ಇಪ್ಪತ್ತನಾಲ್ಕರ ವಯಸ್ಸು, ಶಾಲೆಯ ಹುಡುಗಿಯಂತೆ ಕಾಣುವ ಸಣಕಲು ಮೈ, ಮೈಮೇಲೆ ಹಚ್ಚೆ. ಒಮ್ಮೆ ನೋಡಿದ ಪುಟ ಅವಳಿಗೆ ಮರೆಯುವುದಿಲ್ಲ. ಬೀಗ ಹಾಕಿದ ಕಂಪ್ಯೂಟರುಗಳೊಳಗೆ ಸದ್ದಿಲ್ಲದೆ ನುಗ್ಗಬಲ್ಲಳು. ಆದರೆ ಕಾನೂನಿನ ಕಣ್ಣಿಗೆ ಅವಳು ತನ್ನ ಹಣವನ್ನೂ ತಾನೇ ನೋಡಿಕೊಳ್ಳಲಾರದವಳು. ನ್ಯಾಯಾಲಯ ನೇಮಿಸಿದ ಪಾಲಕನ ಮುಂದೆ ಎಲ್ಲದಕ್ಕೂ ಕೈಚಾಚಬೇಕು. ಆ ಪಾಲಕ ದುರುಳನಾದರೆ? ದೂರು ಕೊಟ್ಟರೆ ನಂಬುವವರಿಲ್ಲವೆಂದು ಬಾಲ್ಯದಲ್ಲೇ ಕಲಿತವಳು ಲೆಕ್ಕವನ್ನು ತಾನೇ ಚುಕ್ತಾ ಮಾಡುತ್ತಾಳೆ. ಯಾರಿಗೂ ವಿವರಣೆ ಕೊಡುವುದಿಲ್ಲ, ಓದುವ ನಮಗೂ ಸಹ. ಅವಳು ನನ್ನ ಮನಸ್ಸಿನಲ್ಲಿ ಉಳಿದದ್ದು ಅದಕ್ಕೇ. ಸರಣಿಯಲ್ಲಿ ಎಷ್ಟೋ ಕೊಲೆಗಳ ರಹಸ್ಯ ಬಿಡಿಸುತ್ತೇವೆ, ಆದರೆ ಎಲ್ಲಕ್ಕಿಂತ ದೊಡ್ಡ ರಹಸ್ಯ ಇವಳ ಸರ್ಕಾರಿ ಕಡತದಲ್ಲಿದೆ: ಈ ಹುಡುಗಿಯನ್ನು ಬುದ್ಧಿ ಸರಿಯಿಲ್ಲದವಳೆಂದು ಬರೆದವರು ಯಾರು, ಯಾರನ್ನು ಕಾಪಾಡಲು?

ಮೊದಲ ಪುಸ್ತಕದಲ್ಲಿ ಪ್ರಶ್ನೆ ಬೇರೆ. 1966ರಲ್ಲಿ ಒಂದು ದ್ವೀಪದಿಂದ ಹದಿನಾರರ ಹ್ಯಾರಿಯೆಟ್ ಕಾಣೆಯಾದಳು. ಅಂದು ಸೇತುವೆಯ ಮೇಲೆ ಅಪಘಾತವಾಗಿ ದಾರಿಯೇ ಮುಚ್ಚಿತ್ತು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಪತ್ರಕರ್ತ ಮಿಕಾಯೆಲ್ ಅವಳನ್ನು ಹುಡುಕಲು ಹೊರಡುತ್ತಾನೆ, ಲಿಸ್ಬೆತ್ ಜೊತೆಯಾಗುತ್ತಾಳೆ. ಸ್ವೀಡಿಷ್ ಮೂಲದಲ್ಲಿ ಈ ಪುಸ್ತಕದ ಹೆಸರಿನ ಅರ್ಥ 'ಹೆಣ್ಣನ್ನು ದ್ವೇಷಿಸುವ ಗಂಡಸರು'. ಇಂಗ್ಲಿಷಿನಲ್ಲಿ ಅದು ಹಚ್ಚೆಯ ಹುಡುಗಿಯಾಯಿತು. ನನಗೆ ಮೂಲದ ಹೆಸರೇ ಪ್ರಾಮಾಣಿಕವೆನಿಸುತ್ತದೆ. ಪ್ರತಿ ಭಾಗದ ಆರಂಭದಲ್ಲೂ ಲಾರ್ಸನ್ ತನ್ನ ದೇಶದ ಹೆಂಗಸರ ಮೇಲಿನ ದೌರ್ಜನ್ಯದ ಒಂದು ಅಂಕಿಯನ್ನು ಇಟ್ಟಿದ್ದಾನೆ.

ಆರಂಭ ನಿಧಾನ. ಮಿಕಾಯೆಲ್ ಮೇಲಿನ ಮಾನನಷ್ಟ ಮೊಕದ್ದಮೆ, ಹ್ಯಾರಿಯೆಟ್ ಹುಟ್ಟಿದ ವಾಂಗೆರ್ ಮನೆತನದ ಉದ್ದನೆಯ ವಂಶಾವಳಿ ಎಲ್ಲ ದಾಟಬೇಕು. ನೂರು ಪುಟ ತಾಳಿಕೊಳ್ಳಿ. ಲೈಂಗಿಕ ಹಿಂಸೆಯ ದೃಶ್ಯಗಳು ಬಹಳ ಕ್ರೂರವಾಗಿವೆ, ಅದನ್ನು ತಿಳಿದೇ ಕೈಗೆತ್ತಿಕೊಳ್ಳಿ. ಕ್ರಮವಾಗಿಯೇ ಓದಿ, ಮೂರನ್ನೂ ಮೊದಲೇ ತಂದಿಟ್ಟುಕೊಳ್ಳಿ: ಎರಡನೆಯದು ನಟ್ಟನಡುವೆ ಕೈಬಿಟ್ಟು ಮೂರನೆಯದರಲ್ಲಿ ಮುಂದುವರಿಯುತ್ತದೆ. ಇವು ಅಚ್ಚಾದದ್ದು 2005ರಿಂದ 2007ರವರೆಗೆ. ಲಾರ್ಸನ್ 2004ರಲ್ಲೇ ತೀರಿಕೊಂಡಿದ್ದ, ಒಂದನ್ನೂ ಪುಸ್ತಕವಾಗಿ ನೋಡಲಿಲ್ಲ. ಮೂರನೆಯದರ ನ್ಯಾಯಾಲಯದ ಅಧ್ಯಾಯಗಳಿಗೆ ಬಂದ ರಾತ್ರಿ, ಲಿಸ್ಬೆತ್‌ಳ ಕಡತ ಕೊನೆಗೂ ಎಲ್ಲರೆದುರು ತೆರೆದುಕೊಳ್ಳುವವರೆಗೆ ನಾನು ದೀಪ ಆರಿಸಲಿಲ್ಲ.