ಬೀಜ ಕಟ್ಟದ ಉಳ್ಳಾಗಡ್ಡಿ

ಕಳೆದ ದೀಪಾವಳಿಯ ನಂತರ, ಬೀದರಿನ ನಮ್ಮ ಹಿತ್ತಲಿನಲ್ಲಿ, ಹೈಬ್ರಿಡ್ ಬೆಳೆಯಿಂದ ಉಳಿಸಿಕೊಂಡ ಆರು ಉಳ್ಳಾಗಡ್ಡಿಗಳನ್ನು ಬೀಜಕ್ಕೆಂದು ನೆಟ್ಟಿದ್ದೆ. ಚಳಿಗೆ ದಂಟುಗಳು ನೆಟ್ಟಗೆ ಬೆಳೆದು ದುಂಡನೆಯ ಹೂಗೊಂಚಲುಗಳು ಅರಳಿದವು. ಆದರೆ ಎಷ್ಟು ಸವರಿದರೂ ಬೆರಳಿಗೆ ಹಳದಿ ಹುಡಿ ಅಂಟಲಿಲ್ಲ, ಕೊನೆಗೆ ಬೀಜವೂ ಕಟ್ಟಲಿಲ್ಲ. "ಗಡ್ಡಿ ಕೆಟ್ಟಾವ," ಎಂದಳು ಅವ್ವ. ಕೆಟ್ಟಿರಲಿಲ್ಲ, ಆ ಗಿಡಗಳು ಹಾಗೆಯೇ ಹುಟ್ಟಿದ್ದವು.

ಹೈಬ್ರಿಡ್ ಬೀಜಕ್ಕೆ ತಾಯಿಗಿಡದ ಹೂವಿಗೆ ತನ್ನ ಪರಾಗ ತಾಕದೆ ಬೇರೆ ತಳಿಯದಷ್ಟೇ ತಾಕಬೇಕು. ಟೊಮೆಟೊ ಹೂವಿನ ಪರಾಗಕೋಶಗಳನ್ನು ಚಿಮಟದಿಂದ ಕಿತ್ತು ಬೇರೆ ತಳಿಯ ಪರಾಗ ಹಚ್ಚಿದರೆ ಒಂದೇ ಹಣ್ಣಿನಿಂದ ನೂರಾರು ಬೀಜ ಸಿಗುತ್ತವೆ. ರಾಣೆಬೆನ್ನೂರಿನ ಕಡೆ ಈ ಕೈಕೆಲಸವೇ ಒಂದು ದೊಡ್ಡ ಉದ್ಯೋಗ. ಉಳ್ಳಾಗಡ್ಡಿಯ ಹೂವು ಚಿಕ್ಕದು, ಅದರ ಅಂಡಾಶಯದ ಮೂರು ಕೋಣೆಗಳಲ್ಲಿ ಎರಡೆರಡು ಅಂಡಕಗಳಿರುವುದರಿಂದ ಒಂದು ಹೂವಿಗೆ ಹೆಚ್ಚೆಂದರೆ ಆರು ಬೀಜ. ಅಷ್ಟಕ್ಕಾಗಿ ಚಿಮಟ ಹಿಡಿದು ಕೂರುವವರಾರು? ಆದ್ದರಿಂದ ಪರಾಗವನ್ನೇ ಕೊಡದ ತಾಯಿಗಿಡ ಬೇಕಾಯಿತು.

ಅದು 1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ತಳಿ ವಿಜ್ಞಾನಿ ಹೆನ್ರಿ ಜೋನ್ಸ್ ಅವರಿಗೆ 'ಇಟಾಲಿಯನ್ ರೆಡ್' ತಳಿಯಲ್ಲಿ ಸಿಕ್ಕಿತು. ಬೀಜ ಕಟ್ಟದಿದ್ದರೂ ಹೂಗೊಂಚಲಿನಲ್ಲಿಯೇ ಪುಟ್ಟ ಗಡ್ಡೆಗಳನ್ನು ಬಿಡುತ್ತಿದ್ದುದರಿಂದ ಆ ಗಿಡದ ವಂಶ ಉಳಿಯಿತು. 1943ರಲ್ಲಿ ಜೋನ್ಸ್ ಮತ್ತು ಕ್ಲಾರ್ಕ್ ಅದರ ಅನುವಂಶೀಯತೆಯನ್ನು ಬಿಡಿಸಿ ತೋರಿಸಿದರು: ತಾಯಿಯಿಂದಷ್ಟೇ ಬರುವ 'ಎಸ್' ಕೋಶದ್ರವ್ಯ (ಜೀವಕೋಶದಲ್ಲಿ ಕೇಂದ್ರದ ಹೊರಗಿರುವ ದ್ರವ್ಯ) ಮತ್ತು ಕೋಶಕೇಂದ್ರದಲ್ಲಿ ಜೋಡಿಯಾಗಿರುವ ದುರ್ಬಲ (ಪ್ರಬಲ ಜೀನಿನ ಜೊತೆಗಿದ್ದರೆ ಗುಣ ತೋರದ) 'ಎಂಎಸ್' ಜೀನುಗಳು, ಇವೆರಡೂ ಕೂಡಿದಾಗ ಮಾತ್ರ ಪರಾಗ ನಿಲ್ಲುತ್ತದೆ. ಅದೇ ದುರ್ಬಲ ಜೋಡಿಯಿದ್ದೂ ಸಾಮಾನ್ಯ ಕೋಶದ್ರವ್ಯವುಳ್ಳ ಗಿಡ ಪರಾಗ ಕೊಡುತ್ತದೆ. ಅದರ ಪರಾಗವನ್ನು ಬಂಜೆ ಗಿಡಕ್ಕೆ ತಾಕಿಸಿದರೆ ಮಕ್ಕಳೆಲ್ಲ ಮತ್ತೆ ಬಂಜೆಯೇ. ಹೀಗೆ ತಾಯಿಸಾಲನ್ನು ವರ್ಷವರ್ಷವೂ ಕಾಯ್ದುಕೊಳ್ಳಬಹುದು. (ಪುಸ್ತಕಗಳು ಇದನ್ನು 'ಗಂಡು ಬಂಜೆತನ' ಎನ್ನುತ್ತವೆ. ಹೊರಗಿನ ಪರಾಗ ಸಿಕ್ಕರೆ ಧಾರಾಳವಾಗಿ ಬೀಜ ಕಟ್ಟುವ ಗಿಡಕ್ಕೆ ಆ ಹೆಸರು ನನಗೆ ಸರಿಕಾಣುವುದಿಲ್ಲ.) ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕೀರ್ತಿಮಾನ್, ಅರ್ಕಾ ಲಾಲಿಮಾ ಹೈಬ್ರಿಡ್‌ಗಳು ಇದೇ ದಾರಿಯಲ್ಲಿ ಬಂದವು.

ನಾವು ತಿನ್ನುವುದು ಗಡ್ಡೆಯಾದ್ದರಿಂದ, ರೈತನ ಹೊಲದ ಹೈಬ್ರಿಡ್ ಗಿಡಕ್ಕೆ ಪರಾಗವಿರದಿದ್ದರೂ ಬೆಳೆಗೆ ನಷ್ಟವಿಲ್ಲ. ಮೆಣಸಿನಕಾಯಿಯಲ್ಲಿ ಕಾಯಿಯೇ ಬೆಳೆ. ಅಲ್ಲಿ ತಂದೆಯ ಸಾಲಿನಿಂದ ಪರಾಗವನ್ನು ಮರಳಿಸುವ ಪ್ರಬಲ ಜೀನು ಬರಲೇಬೇಕು, ನಮ್ಮ ಕಲಬುರಗಿಯ ತೊಗರಿಯ ಹೈಬ್ರಿಡ್‌ಗಳಲ್ಲಿಯೂ ಅಷ್ಟೇ.

ಈ ಸಲ ಆ ಗಡ್ಡೆಗಳ ಪಕ್ಕದಲ್ಲಿ ಎರಡು ಜವಾರಿ ಗಡ್ಡೆ ನೆಡುವವನಿದ್ದೇನೆ. ಬೀಜವೇನೋ ಕಟ್ಟೀತು, ಕೋಶದ್ರವ್ಯ ಮಾತ್ರ ಹೈಬ್ರಿಡ್ ತಾಯಿಯದೇ ಇರುತ್ತದೆ. ಸಸಿಗಳಲ್ಲಿ ಎಷ್ಟಕ್ಕೆ ಪರಾಗ ಬರುತ್ತದೆಂಬುದು ಜವಾರಿ ಗಡ್ಡೆಯಲ್ಲಿ ಆ ಪ್ರಬಲ ಜೀನು ಇದೆಯೋ ಇಲ್ಲವೋ ಎಂಬುದರ ಮೇಲಿದೆ.